ಹಳೆಯ ನಿಂದೆಗೆ ಹೊಸ ಹೆಸರು ಬೇಡ

ಮಕ್ಕಳಿಲ್ಲದ ದಂಪತಿಗಳ ನೋವು ನಮ್ಮ ಕುಟುಂಬಗಳಿಗೆ ಹೊಸದಲ್ಲ. ಆ ನೋವಿನ ಹೊರೆಯನ್ನೆಲ್ಲ ಹೆಣ್ಣೊಬ್ಬಳ ತಲೆಯ ಮೇಲೆಯೇ ಹೊರಿಸುವ ಪದ್ಧತಿಯೂ ಹೊಸದಲ್ಲ. ಬಳ್ಳಾರಿ ನಗರದ ಬಡಾವಣೆಯಿರಲಿ, ಸಿರುಗುಪ್ಪದ ಭತ್ತದ ಸೀಮೆಯಿರಲಿ, ಕುರುಗೋಡಿನ ಹಳ್ಳಿಯಿರಲಿ, ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ‘ಏನಾದರೂ ವಿಶೇಷವುಂಟೇ’ ಎಂಬ ಪ್ರಶ್ನೆ ಸೊಸೆಯನ್ನೇ ಹುಡುಕಿಕೊಂಡು ಬರುತ್ತದೆ. ಮಗನನ್ನು ಯಾರೂ ಕೇಳುವುದಿಲ್ಲ. ಕುಬುಸದ ಕಾರ್ಯದಲ್ಲಿ ಉಡಿ ತುಂಬಲು ಹೆಂಗಳೆಯರನ್ನು ಕರೆಯುವಾಗ ಆಕೆಯ ಹೆಸರು ಬಿಟ್ಟುಹೋಗುತ್ತದೆ. ದೀಕ್ಷಾಸ್ನಾನದ ದಿನ ಕೂಸನ್ನು ಎತ್ತಿಕೊಳ್ಳಲು ಆಕೆ ಕೈಚಾಚಿದರೆ ಹಿರಿಯರ ನಡುವೆ ಕಣ್ಸನ್ನೆ ನಡೆಯುತ್ತದೆ. ಕ್ರಿಸ್ತನ ಹೆಸರಿನಿಂದ ಕರೆಯಿಸಿಕೊಳ್ಳುವ ನಾವು ಈ ನಡತೆಯಿಂದ ಪೂರ್ಣವಾಗಿ ಮುಕ್ತರಾಗಿದ್ದೇವೆಂದು ಎದೆಮುಟ್ಟಿ ಹೇಳಬಲ್ಲೆವೇ?

ಈ ಹಳೆಯ ನಿಂದೆ ಈಗ ವೈದ್ಯಶಾಸ್ತ್ರದ ಉಡುಪು ತೊಟ್ಟು ಬರುತ್ತಿದೆ. ‘ಆಕೆಯ ಗರ್ಭಕೋಶದ ಒಳಪದರವೇ ಪಿಂಡವನ್ನು ತಿರಸ್ಕರಿಸುತ್ತದೆ’, ‘ಆಕೆಯ ಗರ್ಭದಲ್ಲಿ ಕೊಲ್ಲುವ ಕೋಶಗಳಿವೆ’ ಎಂಬ ಮಾತುಗಳು ಪರೀಕ್ಷಾ ವರದಿಗಳಿಂದ ಹೊರಬಿದ್ದು ಅಡುಗೆಮನೆಯವರೆಗೂ ತಲುಪುತ್ತಿವೆ. ನಿನ್ನೆಯವರೆಗೆ ‘ಬಂಜೆ’ ಎಂದು ಕರೆಯಿಸಿಕೊಂಡವಳು ಇಂದು ತನ್ನ ಮಗುವನ್ನು ತಾನೇ ಹೊರದೂಡುವವಳೆಂಬ ಅಪವಾದಕ್ಕೆ ಗುರಿಯಾಗುತ್ತಿದ್ದಾಳೆ. ವಿಜ್ಞಾನ ನಿಜಕ್ಕೂ ಹೀಗೆ ಹೇಳಿದೆಯೇ? ಇಲ್ಲ. ಅದು ಹೇಳಿರುವುದನ್ನು ನಮ್ಮ ಕುಟುಂಬಗಳು ಸರಿಯಾಗಿ ಅರಿತುಕೊಳ್ಳುವುದು ಅವಶ್ಯಕವಾಗಿದೆ.

ಗರ್ಭಕೋಶದ ಒಳಪದರವು ಪ್ರತಿ ತಿಂಗಳು ಹೊಸದಾಗಿ ಬೆಳೆದು, ಪಿಂಡ ಬಾರದಿದ್ದರೆ ಮುಟ್ಟಿನೊಡನೆ ಕಳಚಿಹೋಗುವ ಮೃದುವಾದ ಹಾಸಿಗೆ. ಅಂಡ ಬಿಡುಗಡೆಯಾದ ಸುಮಾರು 6ರಿಂದ 10 ದಿನಗಳ ನಡುವೆ ಮಾತ್ರ ಅದು ಪಿಂಡವನ್ನು ಬರಮಾಡಿಕೊಳ್ಳಲು ಸಿದ್ಧವಾಗಿರುತ್ತದೆ. ಆ ಪಿಂಡದ ಆನುವಂಶಿಕ ಗುಣಗಳಲ್ಲಿ ಅರ್ಧ ತಾಯಿಯವು, ಇನ್ನರ್ಧ ತಂದೆಯವು. ಹೊರಗಿನದನ್ನು ಕಂಡೊಡನೆ ಎದುರಿಸುವುದೇ ದೇಹದ ರೋಗನಿರೋಧಕ ವ್ಯವಸ್ಥೆಯ ಸ್ವಭಾವ. ಹಾಗಿರುವಾಗ ಅರ್ಧ ಹೊರಗಿನದಾದ ಈ ಜೀವವನ್ನು ತಾಯಿಯ ದೇಹ 9 ತಿಂಗಳು ಹೇಗೆ ಪೊರೆಯುತ್ತದೆ? ಈ ಪ್ರಶ್ನೆಯನ್ನು 1953ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್. ರೋಗನಿರೋಧಕ ಸಹಿಷ್ಣುತೆಯ ಕುರಿತ ಸಂಶೋಧನೆಗಾಗಿ 1960ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ಅಂದಿನಿಂದ ದೊರೆತ ಉತ್ತರಗಳು ಬೆರಗುಗೊಳಿಸುವಂಥವು. ಒಳಪದರದಲ್ಲಿ ‘ನ್ಯಾಚುರಲ್ ಕಿಲ್ಲರ್’ ಎಂಬ ಹೆಸರಿನ ಬಿಳಿ ರಕ್ತಕಣಗಳಿವೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಅಲ್ಲಿರುವ ಬಿಳಿ ರಕ್ತಕಣಗಳ ಪೈಕಿ 100ಕ್ಕೆ ಸುಮಾರು 70ರಷ್ಟು ಇವೇ ಆಗಿರುತ್ತವೆ. ‘ಕಿಲ್ಲರ್’ ಎಂದರೆ ಕೊಲ್ಲುವುದು. ರಕ್ತದಲ್ಲಿ ಹರಿಯುವ ಇದೇ ಜಾತಿಯ ಕೋಶಗಳು ಅರ್ಬುದದ ಕೋಶಗಳನ್ನು ನಾಶಪಡಿಸುವುದನ್ನು ಕಂಡು 1970ರ ದಶಕದಲ್ಲಿ ಆ ಹೆಸರಿಟ್ಟರು. ಆದರೆ ಗರ್ಭಕೋಶದಲ್ಲಿ ಇವುಗಳ ಕೆಲಸ ಕೊಲ್ಲುವುದಲ್ಲ. ಒಳಪದರದ ಸಣ್ಣ ರಕ್ತನಾಳಗಳನ್ನು ಅಗಲಗೊಳಿಸಿ, ಬೆಳೆಯುವ ಕೂಸಿಗೆ ರಕ್ತ ಧಾರಾಳವಾಗಿ ಹರಿಯುವಂತೆ ಮಾಡಲು ಅವು ನೆರವಾಗುತ್ತವೆ. ಸಿರುಗುಪ್ಪದ ರೈತನಿಗೆ ಹೇಳುವುದಾದರೆ, ಕಾಲುವೆಯ ಹೂಳು ತೆಗೆದು ಗದ್ದೆಗೆ ನೀರು ಹಾಯಿಸುವ ಆಳಿನ ಕೆಲಸ ಅವುಗಳದು. ಇನ್ನು, ದೇಹದ ಕಾವಲು ಕೋಶಗಳು ಅತಿರೇಕಕ್ಕೆ ಹೋಗದಂತೆ ತಡೆಯುವ ನಿಯಂತ್ರಕ ಟಿ-ಕೋಶಗಳೂ ಅಲ್ಲಿವೆ. ಈ ಕೋಶಗಳ ಕುರಿತ ಶೋಧನೆಗಾಗಿಯೇ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪುರಸ್ಕಾರ ಸಂದಿತು. ಕೊಲೆಗಾರನೆಂದು ಹೆಸರಿಸಲಾದ ಕೋಶವೇ ಕೂಸಿನ ಉಪಚಾರಕ್ಕೆ ನಿಂತಿರುವುದನ್ನು ಕಂಡ ಮೇಲೂ ಆ ಹೆಸರನ್ನೇ ಹಿಡಿದು ಹೆಣ್ಣನ್ನು ಹಳಿಯುವುದು ಅಜ್ಞಾನವಲ್ಲದೆ ಮತ್ತೇನು?

ಹಾಗೆಂದು ಒಳಪದರದ ರೋಗನಿರೋಧಕ ವ್ಯವಸ್ಥೆಯಲ್ಲಿ ತೊಂದರೆಯೇ ಬರುವುದಿಲ್ಲವೆಂದಲ್ಲ. ಬರುತ್ತದೆ, ಅವುಗಳಲ್ಲಿ ಕೆಲವಕ್ಕೆ ಮದ್ದೂ ಇದೆ. ನಮ್ಮ ನಾಡಿನಲ್ಲಿ ಮೊಟ್ಟಮೊದಲು ನೆನೆಯಬೇಕಾದುದು ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಬಳ್ಳಾರಿಗೂ ಈ ರೋಗಕ್ಕೂ ಹಳೆಯ ಪರಿಚಯ; ನಗರದ ವೆಲ್ಲೆಸ್ಲಿ ಸ್ಯಾನಿಟೋರಿಯಂ ಹೆಸರನ್ನು ಇಲ್ಲಿನ ಹಿರಿಯರೆಲ್ಲ ಬಲ್ಲರು. ಕ್ಷಯವೆಂದರೆ ಕೆಮ್ಮು, ಕಫ, ಶ್ವಾಸಕೋಶ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ಸಾಗಿ ಹೆಣ್ಣಿನ ಅಂಡನಾಳಗಳಲ್ಲಿ ನೆಲೆಸಬಲ್ಲದು; ಅಲ್ಲಿಂದ ಗರ್ಭಕೋಶದ ಒಳಪದರಕ್ಕೂ ಇಳಿಯಬಲ್ಲದು. ದೇಹದ ಕಾವಲು ಕೋಶಗಳು ಅದನ್ನು ಸುತ್ತುವರಿದು ಗಂಟುಕಟ್ಟುತ್ತವೆ. ಆ ದೀರ್ಘ ಹೋರಾಟದಲ್ಲಿ ನಾಳಗಳು ಮುಚ್ಚಿಹೋಗುತ್ತವೆ, ಒಳಪದರ ಕಲೆಗಟ್ಟುತ್ತದೆ, ಕೆಲವೊಮ್ಮೆ ಗರ್ಭಕೋಶದ ಗೋಡೆಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಷ್ಟೆಲ್ಲ ನಡೆಯುವಾಗಲೂ ಆಕೆಗೆ ಕೆಮ್ಮಿಲ್ಲದಿರಬಹುದು, ಜ್ವರವಿಲ್ಲದಿರಬಹುದು. ಮುಟ್ಟು ಕಡಿಮೆಯಾಗುವುದೋ ಕಿಬ್ಬೊಟ್ಟೆ ನೋಯುವುದೋ ಕಾಣಬಹುದು. ಅದೂ ಕಾಣದೆ, ಮಕ್ಕಳಾಗದಿರುವುದೇ ರೋಗದ ಏಕೈಕ ಗುರುತಾಗಿರುವುದೂ ಉಂಟು.

ಇದನ್ನು ಪತ್ತೆಹಚ್ಚುವುದು ಸುಲಭವಲ್ಲ. ಒಳಪದರ ತಿಂಗಳು ತಿಂಗಳು ಕಳಚುವುದರಿಂದ ರೋಗದ ಗಂಟುಗಳು ಬಯಾಪ್ಸಿಯ ಚೂರಿನಲ್ಲಿ ಸಿಗದೇ ಹೋಗಬಹುದು. ಆದುದರಿಂದಲೇ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಆ ಚೂರನ್ನು ತೆಗೆಯುತ್ತಾರೆ. ಇನ್ನೊಂದೆಡೆ, ಕೇವಲ ಒಂದು ಪಿ.ಸಿ.ಆರ್. ವರದಿಯನ್ನು ನೆಚ್ಚಿ ರೋಗವಿದೆಯೆಂದು ತೀರ್ಮಾನಿಸುವುದೂ ಸರಿಯಲ್ಲ. ಬಯಾಪ್ಸಿ, ರೋಗಾಣುವಿನ ಕಲ್ಚರ್, ಅಗತ್ಯವಿದ್ದರೆ ಲ್ಯಾಪರೊಸ್ಕೋಪಿ, ಇವೆಲ್ಲವನ್ನೂ ಕೂಡಿಸಿ ನೋಡುವ ವೈದ್ಯರು ಬೇಕು. ರೋಗ ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧ. ಅದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ರೋಗಿಗಳಿಗೆ ನೀಡುತ್ತಿದ್ದ ಮಾಸಿಕ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಬೇಗ ಕಂಡುಹಿಡಿದರೆ ಫಲವುಂಟು. ನಾಳಗಳು ಮುಚ್ಚಿ ಕಲೆಗಟ್ಟಿದ ಮೇಲೆ ರೋಗಾಣು ಸತ್ತರೂ ಹಾನಿ ಹಿಂದಿರುಗದು.

ಇಲ್ಲಿಯೇ ನಮ್ಮ ಮನೆತನಗಳ ಒಂದು ದೊಡ್ಡ ತಪ್ಪನ್ನು ಹೇಳಬೇಕು. ಮದುವೆಗೆ ಬಂದ ಹೆಣ್ಣುಮಗಳಿಗೆ ಕ್ಷಯ ತಗಲಿದರೆ ‘ಸಂಬಂಧ ಕೂಡಿಬರದು’ ಎಂಬ ಅಂಜಿಕೆಯಿಂದ ಅದನ್ನು ಮುಚ್ಚಿಡುವವರಿದ್ದಾರೆ. ನೆರೆಯವರು ನೋಡಿಯಾರೆಂದು ಔಷಧವನ್ನು ನಡುವೆಯೇ ನಿಲ್ಲಿಸುವವರೂ ಇದ್ದಾರೆ. ಮಾನ ಉಳಿಸಲೆಂದು ಮಾಡಿದ ಈ ಕೆಲಸಕ್ಕೆ ಮುಂದೆ ಆ ಮಗಳೇ ಮಡಿಲು ಬರಿದಾಗಿ ದಂಡ ತೆರಬೇಕಾದೀತು. ಕ್ಷಯ ಪಾಪದ ಫಲವಲ್ಲ, ಕುಲದ ಕಳಂಕವಲ್ಲ. ಪೂರ್ತಿ ಔಷಧ ಸೇವಿಸಿದರೆ ವಾಸಿಯಾಗುವ ಸೋಂಕು.

ಎರಡನೆಯದು, ಒಳಪದರದ ದೀರ್ಘಕಾಲದ ಉರಿಯೂತ. ಹೆರಿಗೆ ಅಥವಾ ಗರ್ಭಸ್ರಾವದ ನಂತರ ಉಳಿದ ಸೋಂಕಿನಿಂದಲೋ ಬೇರೆ ಕಾರಣದಿಂದಲೋ ಪ್ಲಾಸ್ಮಾ ಕೋಶಗಳೆಂಬ ಕಾವಲು ಕೋಶಗಳು ಅಲ್ಲಿ ಬೀಡುಬಿಡುತ್ತವೆ. ಬಯಾಪ್ಸಿಯಲ್ಲಿ ಅವು ಕಂಡುಬಂದರೆ ಆ್ಯಂಟಿಬಯೋಟಿಕ್‌ನಿಂದ ಸಾಮಾನ್ಯವಾಗಿ ಉರಿಯೂತ ಶಮನವಾಗುತ್ತದೆ. ಮೂರನೆಯದು, ಮತ್ತೆ ಮತ್ತೆ ಗರ್ಭ ಜಾರುವವರಲ್ಲಿ ನೋಡಬೇಕಾದ ಆ್ಯಂಟಿಫಾಸ್ಫೋಲಿಪಿಡ್ ದೋಷ. ಇದರಲ್ಲಿ ದೇಹದ ಪ್ರತಿಕಾಯಗಳೇ ರಕ್ತವನ್ನು ಹೆಪ್ಪುಗಟ್ಟಿಸಿ ಕೂಸಿನ ಮಾಸಿಗೆ ತೊಂದರೆಯೊಡ್ಡುತ್ತವೆ. ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಿಕೊಳ್ಳುತ್ತಾರೆ. ಅಲ್ಪ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು ಇದಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಚಿಕಿತ್ಸೆ. ಇಷ್ಟನ್ನು ಪರೀಕ್ಷಿಸಿಕೊಳ್ಳಲು ಯಾವ ಸಂಕೋಚವೂ ಬೇಡ.

ಆದರೆ ಇವುಗಳ ಹೆಸರಿನಲ್ಲಿ ಆಧಾರ ಸಾಲದ ಚಿಕಿತ್ಸೆಗಳೂ ಮಾರಾಟವಾಗುತ್ತಿರುವುದು ಕಳವಳದ ಸಂಗತಿ. ತೋಳಿನ ರಕ್ತದಲ್ಲಿ ‘ಕಿಲ್ಲರ್’ ಕೋಶಗಳನ್ನು ಎಣಿಸಿ, ಗರ್ಭ ನಿಲ್ಲದಿರಲು ಅವೇ ಕಾರಣವೆನ್ನುವುದು ಅಂಥದೊಂದು. ರಕ್ತದ ಕೋಶಗಳೂ ಗರ್ಭಕೋಶದ ಕೋಶಗಳೂ ಗುಣದಲ್ಲಿ ಬೇರೆಯಾದ್ದರಿಂದ ಒಂದರ ಎಣಿಕೆ ಮತ್ತೊಂದರ ಸ್ಥಿತಿಯನ್ನು ತಿಳಿಸದು. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಪದ್ಧತಿಯೊಂದು ಹಿಂದೆ ಬಹಳ ಪ್ರಚಾರದಲ್ಲಿತ್ತು. 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅದರಿಂದ ಗರ್ಭಪಾತ ತಪ್ಪಲಿಲ್ಲ. 2002ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಸಂಶೋಧನೆಯ ಹೊರಗೆ ಅದನ್ನು ನಡೆಸದಂತೆ ತಡೆಯಿತು. ಕೃತಕ ಗರ್ಭಧಾರಣೆಯಲ್ಲಿ ಪದೇ ಪದೇ ವಿಫಲರಾದ 715 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರೆಡ್ನಿಸೋನ್ ಮಾತ್ರೆಯಿಂದ ಮಕ್ಕಳಾಗುವ ಪ್ರಮಾಣ ಹೆಚ್ಚಲಿಲ್ಲ. ಬದಲಿಗೆ ಅದರಿಂದ ಅಪಾಯ ಹೆಚ್ಚಬಹುದೆಂಬ ಸೂಚನೆಗಳು ಕಂಡವು. ಯುರೋಪಿನ ಸಂತಾನ ವೈದ್ಯರ ಸಂಘವು 2023ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ ಇಂಟ್ರಾಲಿಪಿಡ್ ಮೊದಲಾದ ಇಂಥ ಚಿಕಿತ್ಸೆಗಳನ್ನು ವಾಡಿಕೆಯಾಗಿ ಬಳಸಬಾರದೆಂದಿದೆ. ಹೊಲ ಅಡವಿಟ್ಟು, ಕೊರಳ ಸರ ಒತ್ತೆಯಿಟ್ಟು ಇವುಗಳ ಹಿಂದೆ ಹೋಗುವ ಮುನ್ನ ವೈದ್ಯರನ್ನು ವಿನಯದಿಂದ ಮೂರು ಪ್ರಶ್ನೆ ಕೇಳಿ: ಈ ಚಿಕಿತ್ಸೆಯಿಂದ ಮಕ್ಕಳಾಗುವುದು ಹೆಚ್ಚುತ್ತದೆಂದು ಪ್ರಯೋಗದಲ್ಲಿ ಸಿದ್ಧವಾಗಿದೆಯೇ? ತಾಯಿಗೆ ಇದರಿಂದ ಅಪಾಯವೇನು? ಇದನ್ನು ಬಿಟ್ಟರೆ ನಷ್ಟವೇನು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಇನ್ನು ಗಂಡಸರ ಮಾತು. ಜೀವನದ ಯಾವುದಾದರೂ ಘಟ್ಟದಲ್ಲಿ ಸುಮಾರು 6 ಮಂದಿ ವಯಸ್ಕರಲ್ಲಿ ಒಬ್ಬರು ಸಂತಾನಹೀನತೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೋಷವೂ ಕಾರಣವಾಗಿ ಅಥವಾ ಕೂಡಿಕೊಂಡು ಇರುತ್ತದೆ. ಆದರೂ ಹೆಂಡತಿಗೆ ಹತ್ತು ಪರೀಕ್ಷೆ ಮುಗಿದ ಮೇಲೂ ಗಂಡ ಒಂದು ವೀರ್ಯ ಪರೀಕ್ಷೆಗೆ ಒಪ್ಪದ ಮನೆಗಳಿವೆ. ಮಾದರಿ ನೀಡುವ ಕ್ರಮದ ಬಗ್ಗೆ ಧಾರ್ಮಿಕ ಸಂದೇಹವಿದ್ದವರು ಗುರುಗಳನ್ನು ಕೇಳಲಿ. ದಾಂಪತ್ಯದ ಮರ್ಯಾದೆಗೆ ಕುಂದಿಲ್ಲದ ಮಾರ್ಗಗಳಿವೆ. ಆ ಸಂದೇಹ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವ ನೆಪವಾಗಬಾರದು. ಮೊದಲ ಮೂರು ತಿಂಗಳಲ್ಲಿ ಜಾರುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು, ಪಿಂಡದ ವರ್ಣತಂತುಗಳ ಆಕಸ್ಮಿಕ ದೋಷದಿಂದ ಜಾರುತ್ತವೆ ಎಂಬುದೂ ನೆನಪಿರಲಿ. ಆಕೆ ಭಾರ ಎತ್ತಿದಳು, ಹೊತ್ತು ಮೀರಿ ಹೊರಗೆ ಹೋದಳು ಎಂಬ ದೂರುಗಳಿಗೆ ಅಲ್ಲಿ ಎಡೆಯಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಏನೆನ್ನುತ್ತದೆ? ಬಂಜೆತನವು ವಿವಾಹವನ್ನು ತಡೆಯುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲವೆಂದು 1983ರ ಧರ್ಮಸಭಾ ಕಾನೂನಿನ 1084ನೆಯ ವಿಧಿ ಸ್ಪಷ್ಟವಾಗಿ ಸಾರಿದೆ. ಮಕ್ಕಳಾಗಲಿಲ್ಲವೆಂದು ಮಗನಿಗೆ ಮತ್ತೊಂದು ಮದುವೆಯ ಮಾತೆತ್ತುವ ತಂದೆತಾಯಿಗಳು ಇದನ್ನು ಅರಿಯಬೇಕು. 1987ರ ‘ದೋನುಮ್ ವೀತೆ’ ಪತ್ರವು ಮಗು ದೇವರ ವರವೇ ಹೊರತು ಯಾರ ಹಕ್ಕಿನ ವಸ್ತುವೂ ಅಲ್ಲವೆಂದು ಬೋಧಿಸಿತು. ದಂಪತಿಗಳ ಐಕ್ಯವನ್ನು ಬದಿಗೊತ್ತಿ ಪ್ರಯೋಗಶಾಲೆಯಲ್ಲಿ ಜೀವವನ್ನು ಉಂಟುಮಾಡುವ ವಿಧಾನವನ್ನು ಅದು ಒಪ್ಪಲಿಲ್ಲ. ಹಾಗೆಂದು ಧರ್ಮಸಭೆ ಚಿಕಿತ್ಸೆಯ ವಿರೋಧಿಯಲ್ಲ. 2008ರ ‘ದಿಗ್ನಿತಾಸ್ ಪೆರ್ಸೋನೆ’ ಪತ್ರವು ಬಂಜೆತನವನ್ನು ತಡೆಯುವ ಸಂಶೋಧನೆಗಳನ್ನೂ ದತ್ತು ಸ್ವೀಕಾರವನ್ನೂ ಪ್ರೋತ್ಸಾಹಿಸಿತು. ಕ್ಷಯಕ್ಕೆ ಔಷಧ, ಉರಿಯೂತಕ್ಕೆ ಮದ್ದು, ರಕ್ತದೋಷಕ್ಕೆ ಚುಚ್ಚುಮದ್ದು, ಮುಚ್ಚಿದ ನಾಳಕ್ಕೆ ಶಸ್ತ್ರಚಿಕಿತ್ಸೆ, ಇವೆಲ್ಲ ರೋಗವನ್ನು ಗುಣಪಡಿಸಿ ದಾಂಪತ್ಯಕ್ಕೆ ನೆರವಾಗುವ ಕೆಲಸಗಳು. ಅವುಗಳಿಗೆ ಧರ್ಮಸಭೆಯ ಆಶೀರ್ವಾದವಿದೆ. ಈಗಾಗಲೇ ಬೇರೆ ಮಾರ್ಗದಿಂದ ಮಕ್ಕಳನ್ನು ಪಡೆದವರ ಮನೆಯ ಆ ಮಕ್ಕಳು ಎಲ್ಲ ಮಕ್ಕಳಂತೆಯೇ ದೇವರ ಕೊಡುಗೆ. ಅವರ ಕಡೆ ಬೆರಳು ತೋರಿಸುವ ಅಧಿಕಾರ ಯಾರಿಗೂ ಇಲ್ಲ.

ಪವಿತ್ರ ಗ್ರಂಥದಲ್ಲಿ ಹನ್ನಳ ಕಥೆಯನ್ನು ಬಲ್ಲೆವು. ಮಕ್ಕಳಿಲ್ಲವೆಂದು ಸವತಿ ಪೆನಿನ್ನ ಆಕೆಯನ್ನು ವರ್ಷ ವರ್ಷವೂ ಕೆಣಕಿದಳು. ದೇವಾಲಯದಲ್ಲಿ ತುಟಿಯಲುಗಿಸಿ ಮೌನವಾಗಿ ಪ್ರಾರ್ಥಿಸುತ್ತಿದ್ದವಳನ್ನು ಯಾಜಕ ಏಲಿಯೇ ಕುಡಿದವಳೆಂದು ತಪ್ಪಾಗಿ ತಿಳಿದ. ಆದರೆ ಆಕೆಯ ಮಾತು ಕೇಳಿದ ಮೇಲೆ ಗದರುವುದನ್ನು ಬಿಟ್ಟು ಹರಸಿ ಕಳುಹಿಸಿದ. ಸಮುವೇಲನ ಜನನವನ್ನಷ್ಟೇ ನೆನೆಯುವ ನಾವು ಈ ನಡುವಿನ ಭಾಗವನ್ನು ಮರೆಯುತ್ತೇವೆ. ಹನ್ನಳಿಗೆ ಮಗು ಹುಟ್ಟುವ ಮೊದಲೇ ದೊರೆತದ್ದು, ತನ್ನ ಮಾತನ್ನು ಕೇಳುವ ಕಿವಿ. ಇಂದು ವೇಳಾಂಗಣಿಗೆ ಹರಕೆ ಹೊತ್ತು ಹೋಗುವ, ನೊವೇನ ನಡೆಸುವ ನಮ್ಮ ಹೆಣ್ಣುಮಕ್ಕಳಿಗೂ ಅಂಥ ಕಿವಿ ಬೇಕು. ಪ್ರಾರ್ಥನೆಯೂ ಪರೀಕ್ಷೆಯೂ ಒಂದಕ್ಕೊಂದು ಎದುರಾಳಿಗಳಲ್ಲ. ಹರಕೆ ಹೊತ್ತವಳನ್ನು ಆಸ್ಪತ್ರೆಗೆ ಕಳುಹಿಸುವುದು ಅವಿಶ್ವಾಸವೂ ಅಲ್ಲ.

ಆದ್ದರಿಂದ, 1949ರಲ್ಲಿ ಸ್ಥಾಪನೆಯಾದ ನಮ್ಮ ಬಳ್ಳಾರಿ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳು ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸುತ್ತೇವೆ. ವಿವಾಹಪೂರ್ವ ಶಿಬಿರಗಳಲ್ಲಿ ಕ್ಷಯದ ವಿಷಯವನ್ನೂ ಗಂಡುಹೆಣ್ಣು ಇಬ್ಬರ ಪರೀಕ್ಷೆಯ ವಿಷಯವನ್ನೂ ವೈದ್ಯರಿಂದಲೇ ಹೇಳಿಸಬೇಕು. ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಜೋಡಿಯಾಗಿ ವೈದ್ಯರಲ್ಲಿಗೆ ಹೋಗಬೇಕೆಂಬುದು ಅಲ್ಲಿಯೇ ಮನದಟ್ಟಾಗಬೇಕು. ಹೆಣ್ಣಿನ ವಯಸ್ಸು 35 ದಾಟಿದ್ದರೆ 6 ತಿಂಗಳೇ ಸಾಕು. ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವಿಚಾರಣೆ ಸಾಧ್ಯ. ಹೆಚ್ಚಿನ ಪರೀಕ್ಷೆಗೆ ನಗರದ ವೈದ್ಯಕೀಯ ಕಾಲೇಜಿದೆ. 1961ರಲ್ಲಿ ಆರಂಭವಾಗಿ ವಿಮ್ಸ್ ಎಂದು ಹೆಸರಾದ ಅದು ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಸಿರುಗುಪ್ಪದಿಂದ 50 ಕಿಲೋಮೀಟರಿಗೂ ಮಿಗಿಲಾದ ದಾರಿ. ನಾಟಿಯ ದಿನಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಬರಬೇಕಾದವಳಿಗೆ ಅದು ಸಣ್ಣ ಹೊರೆಯಲ್ಲ. ಕಿರು ಕ್ರೈಸ್ತ ಸಮುದಾಯಗಳೂ ಮಹಿಳಾ ಸಂಘಗಳೂ ಬಸ್ ಖರ್ಚಿಗೆ ನೆರವಾಗಿ, ಜೊತೆಗೊಬ್ಬ ಸಹೋದರಿಯನ್ನು ಕಳುಹಿಸಿದರೆ ಅದು ಉಪದೇಶಕ್ಕಿಂತ ದೊಡ್ಡ ಸೇವೆ.

ಚಿಕಿತ್ಸೆ ಫಲಿಸದವರ ಮುಂದೆ ದತ್ತು ಸ್ವೀಕಾರದ ಮಾರ್ಗವಿದೆ. ಹಿಂದೆ ಕ್ರೈಸ್ತರು 1890ರ ಕಾಯಿದೆಯಡಿ ಪೋಷಕರು ಮಾತ್ರ ಆಗಬಹುದಿತ್ತು. ಬಾಲನ್ಯಾಯ ಕಾಯಿದೆ, ವಿಶೇಷವಾಗಿ ಅದರ 2006ರ ತಿದ್ದುಪಡಿ, ಎಲ್ಲ ಧರ್ಮದವರಿಗೂ ಪೂರ್ಣ ದತ್ತಿನ ಹಕ್ಕು ನೀಡಿತು. ಇಂದು ಕೇಂದ್ರ ದತ್ತು ಪ್ರಾಧಿಕಾರದ ಮೂಲಕ ಕ್ರಮಬದ್ಧವಾಗಿ ನೋಂದಾಯಿಸಿಕೊಳ್ಳಬೇಕು. ಗುಟ್ಟಾಗಿ ಹಣಕೊಟ್ಟು ಕೂಸು ತರುವುದು ಅಪರಾಧವೂ ಹೌದು, ಪಾಪವೂ ಹೌದು. ದತ್ತು ತೆಗೆದುಕೊಳ್ಳದೆ, ಮಕ್ಕಳಿಲ್ಲದೆಯೂ, ಪರರ ಸೇವೆಯಲ್ಲಿ ಬಾಳುವ ದಂಪತಿಗಳ ವಿವಾಹ ಸಂಸ್ಕಾರವೂ ಅಷ್ಟೇ ಪರಿಪೂರ್ಣ. ಅವರನ್ನು ಅರೆ ಕುಟುಂಬವೆಂದು ಎಣಿಸುವುದು ಆ ಸಂಸ್ಕಾರಕ್ಕೇ ಮಾಡುವ ಅಗೌರವ.

ಅತ್ತೆಯರಿಗೂ ತಾಯಂದಿರಿಗೂ ನಮ್ಮದೊಂದು ವಿನಂತಿ. ಸೊಸೆಯ ವರದಿಯಲ್ಲಿ ಯಾವ ಕೋಶದ ಹೆಸರಿದ್ದರೂ ಅದು ಅಪರಾಧಪಟ್ಟಿಯಲ್ಲ. ಅದನ್ನು ಓದಿ ಹೇಳುವ ಕೆಲಸ ವೈದ್ಯರದು. ನಿಮ್ಮ ಮಗನನ್ನೂ ಅದೇ ದಿನ ಅದೇ ಬಸ್ಸಿನಲ್ಲಿ ಆಕೆಯ ಜೊತೆಗೆ ಕಳುಹಿಸಿ. ಹಿಂದಿರುಗಿ ಬಂದಾಗ ‘ಏನೆಂದರು’ ಎಂದು ಕೇಳುವ ಮೊದಲು ‘ಉಂಡೆಯಾ’ ಎಂದು ಕೇಳಿ.